ಹೇಳಿಕೊಳ್ಳದ ಕಾಯಿಲೆಗೆ ಮದ್ದಿದೆ

ಮಳೆಗಾಲ ಹಿಡಿಯಿತೆಂದರೆ ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು, ಮಾಸ್ತಿಕಟ್ಟೆ ಸೀಮೆಯಲ್ಲಿ ಬಟ್ಟೆ ಬಿಸಿಲಿಗೆ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಸೀರೆ, ಪಂಚೆ, ಮಕ್ಕಳ ಅಂಗಿಗಳು ಹೊಗೆ ಕುಡಿದು ನಿಧಾನಕ್ಕೆ ಒಣಗುತ್ತವೆ. ಅದೇ ಹಗ್ಗದಲ್ಲಿ, ಯಾರ ಕಣ್ಣಿಗೂ ಬೀಳದಂತೆ ಸೀರೆಯ ಮರೆಯಲ್ಲಿ, ಹಳೆಯ ಬಟ್ಟೆಯ ತುಂಡುಗಳೂ ಇರುತ್ತವೆ. ಮುಟ್ಟು ನಿಂತು ಎಷ್ಟೋ ವರ್ಷವಾದ ಹೆಂಗಸರಿರುವ ಮನೆಯಲ್ಲೂ ಇರುತ್ತವೆ. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ, ನಕ್ಕರೆ ಕೂಡ ಉಚ್ಚೆ ಜಾರುವ ಹೆಂಗಸರಿಗೆ ಆ ಬಟ್ಟೆ ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಳೆಗಾಲದಲ್ಲಿ ನಾಲ್ಕು ತಿಂಗಳು ಒದ್ದೆ ಬಟ್ಟೆಯನ್ನೇ ಮತ್ತೆ ಮತ್ತೆ ಉಟ್ಟುಕೊಂಡು, ತೊಡೆಸಂದಿ ಕೆಂಪಗಾಗಿ ಉರಿಯುತ್ತಿದ್ದರೂ ಅವರು ಯಾರಿಗೂ ಹೇಳುವುದಿಲ್ಲ. ಹೇಳಿದರೂ ಹಿರಿಯರಿಂದ ಸಿಗುವ ಉತ್ತರ ಒಂದೇ: ‘ಹೆತ್ತ ಮೇಲೆ ಇದೆಲ್ಲ ಇದ್ದದ್ದೇ.’

ಇದ್ದದ್ದೇ ಎಂಬುದು ಅರ್ಧ ನಿಜ. ಹೆರಿಗೆಯಾದ ಹೆಂಗಸರಲ್ಲಿ ಈ ತೊಂದರೆ ಬಹಳ ಸಾಮಾನ್ಯ. ಆದರೆ ಸಾಮಾನ್ಯ ಎಂದ ಮಾತ್ರಕ್ಕೆ ಸಹಿಸಿಕೊಂಡು ಬದುಕಬೇಕಾದ್ದಲ್ಲ. ಇದಕ್ಕೆ ಮೊದಲ ಮದ್ದು ಒಂದು ವ್ಯಾಯಾಮ. ಅದನ್ನು ವೈದ್ಯಲೋಕ 75 ವರ್ಷಗಳಿಗೂ ಹಿಂದೆ ಕಂಡುಕೊಂಡಿತು. ದುಡ್ಡಿಲ್ಲ, ಗುಳಿಗೆಯಿಲ್ಲ, ಉಪಕರಣವೂ ಬೇಕಿಲ್ಲ. ಹಾಗಿದ್ದೂ ಅದು ನಮ್ಮ ಮನೆಗಳ ಬಚ್ಚಲವರೆಗೆ ಬಂದು ಮುಟ್ಟಿಲ್ಲ.

ಮುಂದಿನ ಕಿಬ್ಬೊಟ್ಟೆಯ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ನಮ್ಮೆಲ್ಲರ ದೇಹದಲ್ಲೂ ಸ್ನಾಯುವಿನ ಒಂದು ಹಾಸು ಇದೆ. ವೈದ್ಯರು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ತಳದ ಸ್ನಾಯು ಎನ್ನೋಣ. ಹೆಂಗಸರಲ್ಲಿ ಮೂತ್ರಚೀಲ, ಗರ್ಭಕೋಶ, ದೊಡ್ಡಕರುಳಿನ ತುದಿ ಈ ಮೂರೂ ಅದರ ಮೇಲೆ ಕೂತಿವೆ. ಮೂತ್ರನಾಳ, ಯೋನಿ, ಗುದದ್ವಾರ ಅದರ ನಡುವಿನಿಂದಲೇ ಹೊರಗೆ ಬರುತ್ತವೆ. ಆ ಹಾಸು ಹಗಲಿಡೀ ನಮಗೆ ಗೊತ್ತಿಲ್ಲದೆಯೇ ಬಿಗಿದುಕೊಂಡಿರುತ್ತದೆ. ಕೆಮ್ಮು ಬರುವ ಮೊದಲೇ ಇನ್ನಷ್ಟು ಬಿಗಿಯುತ್ತದೆ. ಮೇಲಿನ ಅಂಗಗಳನ್ನು ಹಿಡಿದುಕೊಳ್ಳಲು ಸ್ನಾಯುವಿನ ಜೊತೆಗೆ ನಾರಿನಂಥ ಕಟ್ಟುಗಳೂ ಇವೆ. ಇವೆರಡರ ನಂಟನ್ನು ವಿವರಿಸಲು ಈ ಕ್ಷೇತ್ರದ ವೈದ್ಯರು ದೋಣಿಯ ಹೋಲಿಕೆ ಕೊಡುತ್ತಾರೆ. ಶರಾವತಿ ಹಿನ್ನೀರಿನ ದಡದಲ್ಲಿ ಲಾಂಚಿಗೆ ಕಾದವರಿಗೆ ಅದು ಬೇಗ ತಿಳಿಯುತ್ತದೆ. ನೀರು ತುಂಬಿದ್ದಾಗ ದೋಣಿಯ ಭಾರವನ್ನು ನೀರೇ ಹೊರುತ್ತದೆ, ಹಗ್ಗ ಅದನ್ನು ದಡದಲ್ಲಿ ನಿಲ್ಲಿಸಿದರೆ ಸಾಕು. ನೀರು ಬತ್ತಿದರೆ ಇಡೀ ಭಾರ ಹಗ್ಗಕ್ಕೇ ಬಿದ್ದು, ಒಂದು ದಿನ ಹಗ್ಗ ಹರಿಯುತ್ತದೆ. ಇಲ್ಲಿ ನೀರೆಂದರೆ ಸ್ನಾಯು, ಹಗ್ಗವೆಂದರೆ ಆ ನಾರಿನ ಕಟ್ಟುಗಳು. ಸ್ನಾಯು ಸೋತ ಎಷ್ಟೋ ವರ್ಷಗಳ ನಂತರ, ಐವತ್ತು ದಾಟಿದ ಮೇಲೆ, ‘ಏನೋ ಕೆಳಗೆ ಜಾರಿ ಬಂದ ಹಾಗಾಗ್ತದೆ’ ಎಂದು ಹೆಂಗಸರು ಹೇಳತೊಡಗುವುದು ಇದಕ್ಕೇ.

ಸ್ನಾಯು ಸೋಲುವುದು ಬಹುಪಾಲು ಹೆರಿಗೆಯಲ್ಲಿ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ಡಿಲ್ಯಾನ್ಸಿ ತಮ್ಮ ವೃತ್ತಿಜೀವನವನ್ನು ಈ ಒಂದು ಹಾಸಿನ ಅಧ್ಯಯನಕ್ಕೆ ಕೊಟ್ಟವರು. ಅವರ ತಂಡ 2004ರಲ್ಲಿ ಕಂಪ್ಯೂಟರ್ ಮಾದರಿಯೊಂದನ್ನು ಮಾಡಿ, ಮಗುವಿನ ತಲೆ ಹೊರಬರುವಾಗ ತಳದ ಸ್ನಾಯುವಿನ ಒಳಅಂಚು ತನ್ನ ಉದ್ದದ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಬೇಕಾಗುತ್ತದೆ ಎಂದು ತೋರಿಸಿತು. ದೇಹದ ಬೇರೆ ಯಾವ ಸ್ನಾಯುವನ್ನೂ ಅಷ್ಟು ಎಳೆದರೆ ಹರಿದೇಹೋಗುತ್ತದೆ. ಅದಕ್ಕೂ ಒಂದು ವರ್ಷ ಹಿಂದೆ ಇದೇ ತಂಡ ಎಂಆರ್‌ಐ ಚಿತ್ರಗಳನ್ನು ಹೋಲಿಸಿ ನೋಡಿತ್ತು. ಹೆರದವರಲ್ಲಿ ಯಾರಿಗೂ ಈ ಸ್ನಾಯುವಿನಲ್ಲಿ ಊನ ಕಾಣಲಿಲ್ಲ. ಮೊದಲ ಮಗುವನ್ನು ಸಹಜವಾಗಿ ಹೆತ್ತವರಲ್ಲಿ ಐದರಲ್ಲಿ ಒಬ್ಬರಿಗೆ ಊನ ಕಂಡಿತು. ಉಳಿದ ನಾಲ್ವರ ಸ್ನಾಯು ಅಷ್ಟೆಲ್ಲ ಹಿಗ್ಗಿಯೂ ಚೇತರಿಸಿಕೊಂಡಿತ್ತು ಎಂಬುದನ್ನೂ ಮರೆಯಬಾರದು. ಚೇತರಿಕೆಗೆ ದೇಹ ಸಿದ್ಧವಿದೆ. ಅದಕ್ಕೆ ಸಮಯ ಕೊಡುತ್ತೇವೆಯೇ ಎಂಬುದೇ ಪ್ರಶ್ನೆ.

ಮಲೆನಾಡಿನ ಹೆಂಗಸಿಗೆ ಆ ಸಮಯ ಸಿಗುವುದು ಕಷ್ಟ. ಸ್ಥಿತಿವಂತರ ಮನೆಯಲ್ಲಿ ಬಾಣಂತನ ಮೂರು ತಿಂಗಳು ನಡೆದೀತು. ಕೂಲಿಗೆ ಹೋಗುವವಳು ನಲವತ್ತು ದಿನ ತುಂಬುವ ಮೊದಲೇ ಗದ್ದೆಗೆ ಇಳಿಯುತ್ತಾಳೆ. ಅಗೆ ಕಿತ್ತು ಸಸಿ ನೆಡಲು ದಿನವಿಡೀ ಬಗ್ಗಿರಬೇಕು. ಸೊಪ್ಪಿನಬೆಟ್ಟದಿಂದ ಸೊಪ್ಪಿನ ಹೊರೆ, ಬೇಸಿಗೆಯಲ್ಲಿ ದರಕು, ಕೊಟ್ಟಿಗೆಯಿಂದ ತೋಟಕ್ಕೆ ಗೊಬ್ಬರದ ಹೆಡಿಗೆ, ದಿಬ್ಬದ ಕೆಳಗಿನ ಬಾವಿಯಿಂದ ನೀರಿನ ಕೊಡ ಎಲ್ಲವೂ ತಲೆಯ ಮೇಲೆ, ಸೊಂಟದ ಮೇಲೆ ಬರಬೇಕು. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದು ನಡುರಾತ್ರಿಗೆ. ಭಾರ ಎತ್ತಿದಾಗಲೆಲ್ಲ ಹೊಟ್ಟೆಯೊಳಗಿನ ಒತ್ತಡ ಏರಿ ನೇರವಾಗಿ ಆ ಹಾಸಿನ ಮೇಲೆ ಬೀಳುತ್ತದೆ. ಒಲೆಯ ಹೊಗೆಯಿಂದ ವರ್ಷಗಟ್ಟಲೆ ಬಿಡದ ಕೆಮ್ಮೂ ಅದೇ ಕೆಲಸ ಮಾಡುತ್ತದೆ. ಮಲಬದ್ಧತೆಯೂ ಅಷ್ಟೆ. ಬಾಣಂತಿಗೆ ನೀರು ಕೊಡಬಾರದು, ಕೊಟ್ಟರೆ ಹೊಟ್ಟೆ ಬರುತ್ತದೆ ಎಂಬ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ನೀರಿಲ್ಲದೆ ಮಲ ಗಟ್ಟಿಯಾಗುತ್ತದೆ. ಆಗಷ್ಟೇ ಹೆತ್ತವಳು ಮುಕ್ಕಿ ಮುಕ್ಕಿ ಸೋತ ಸ್ನಾಯುವನ್ನು ಮತ್ತೆ ಎಳೆಯುತ್ತಾಳೆ. ಬಾಣಂತನದ ಎಷ್ಟೋ ಪದ್ಧತಿಗಳು ತಾಯಿಗೆ ವಿಶ್ರಾಂತಿ ಕೊಡುವಂಥವು, ಅವು ಉಳಿಯಲಿ. ನೀರು ತಡೆಯುವ ಪದ್ಧತಿ ಮಾತ್ರ ಹೋಗಲೇಬೇಕು.

ಈಗ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೆಂಗಸರು ಹೆರುವ ಮಕ್ಕಳೂ ಕಡಿಮೆ, ಸರಾಸರಿ 1.7. ಇಂದು ಅರವತ್ತು ದಾಟಿದವರ ಕಥೆ ಬೇರೆ. ಅವರು ಮನೆಯಲ್ಲೇ, ದಿನಗಟ್ಟಲೆ ನೋವು ತಿಂದು, ನಾಲ್ಕೈದು ಹೆತ್ತವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ತುಮರಿ, ಕರೂರು, ಬಾರಂಗಿ ಸೀಮೆ ಹಿನ್ನೀರಿನ ಆಚೆ ಉಳಿಯಿತು. ಅಲ್ಲಿಯ ಬಸುರಿಯರು ಸಾಗರದ ಆಸ್ಪತ್ರೆಗೆ ಬರಲು ಲಾಂಚನ್ನೇ ನಂಬಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಆ ಅರವತ್ತು ವರ್ಷಗಳ ಹೆರಿಗೆಗಳು ಆ ಹೆಂಗಸರ ದೇಹದಲ್ಲಿ ಇವತ್ತಿಗೂ ಇವೆ.

ಇಂಥ ಹೆಂಗಸರಿಗೆ ಏನು ತೊಂದರೆ ಎಂಬುದನ್ನು ಸಂಶೋಧಕರು ಕೇಳಿದ್ದೂ ತಡವಾಗಿಯೇ. ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದ ವರದಿ ಲೋಕವನ್ನೇ ಬೆಚ್ಚಿಬೀಳಿಸಿತು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೂ ಮೊದಲು ಒಮ್ಮೆಯಾದರೂ ಅಂಥ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಎಂಟು. ನಮ್ಮ ರಾಜ್ಯದಲ್ಲಿ, ಬೆಂಗಳೂರಿನ ಐಐಎಂನಲ್ಲಿದ್ದ ಜಗದೀಶ್ ಭಾಟಿಯಾ ಅವರು ಲಂಡನ್ನಿನ ಜಾನ್ ಕ್ಲೆಲ್ಯಾಂಡ್ ಜೊತೆ 35ರೊಳಗಿನ 3,600 ತಾಯಂದಿರನ್ನು ಮಾತನಾಡಿಸಿ 1995ರಲ್ಲಿ ವರದಿ ಪ್ರಕಟಿಸಿದರು. ಮೂವರಲ್ಲಿ ಒಬ್ಬರು ತಮಗೆ ಆಗ ಇದ್ದ ಒಂದಾದರೂ ತೊಂದರೆ ಹೇಳಿಕೊಂಡರು. ಕೂತು, ನಿಧಾನವಾಗಿ, ಒಂದೊಂದೇ ಪ್ರಶ್ನೆ ಕೇಳಿದರೆ ಹೆಂಗಸರು ಹೇಳುತ್ತಾರೆ ಎಂಬುದೇ ಇಂಥ ಅಧ್ಯಯನಗಳಿಂದ ನಾನು ಕಲಿಯುವ ದೊಡ್ಡ ಪಾಠ.

ಇದನ್ನು ಕನ್ನಡದಲ್ಲಿ ಮೊದಲೇ ಅರಿತವರೊಬ್ಬರು ತೀರ್ಥಹಳ್ಳಿಯಲ್ಲೇ ಹುಟ್ಟಿದ್ದರು. ಡಾ. ಅನುಪಮಾ ನಿರಂಜನ ಹುಟ್ಟಿದ್ದು 1934ರಲ್ಲಿ. ಮೈಸೂರಿನಲ್ಲಿ ವೈದ್ಯಕೀಯ ಓದಿ, ವೈದ್ಯೆಯಾಗಿದ್ದುಕೊಂಡೇ ಕಥೆ, ಕಾದಂಬರಿ ಬರೆದರು. ಅವುಗಳ ಜೊತೆಗೆ ‘ತಾಯಿ ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂಥ ಪುಸ್ತಕಗಳನ್ನೂ ಕೊಟ್ಟರು. ಹೆಣ್ಣಿನ ದೇಹದ ಬಗ್ಗೆ ಬಾಯಿ ಬಿಡುವುದೇ ಅಸಭ್ಯ ಎನ್ನುತ್ತಿದ್ದ ಕಾಲದಲ್ಲಿ ಆ ಪುಸ್ತಕಗಳು ಮದುವೆಯ ಉಡುಗೊರೆಯಾಗಿ ಮನೆಮನೆಗೆ ಹೋದವು. ಅವರು 1991ರಲ್ಲಿ ತೀರಿಕೊಂಡರು. ವೈದ್ಯವಿಜ್ಞಾನವನ್ನು ನಾಚಿಕೆಯಿಲ್ಲದೆ, ಆದರೆ ಮರ್ಯಾದೆಯಿಂದ, ತಾಯ್ನುಡಿಯಲ್ಲಿ ಹೇಳಬಹುದೆಂದು ಅವರು ಮಾಡಿ ತೋರಿಸಿದ್ದರು. ಆ ಕೆಲಸವನ್ನು ನಾವು ಅಷ್ಟೇ ಹುರುಪಿನಿಂದ ಮುಂದುವರಿಸಲಿಲ್ಲ ಎಂಬ ಕೊರಗು ನನಗಿದೆ.

ಈ ವಿಜ್ಞಾನದ ಚರಿತ್ರೆ ಹಿತವಾದದ್ದಲ್ಲ. ಹೆರಿಗೆ ದಿನಗಟ್ಟಲೆ ಕಟ್ಟಿಕೊಂಡಾಗ ಮೂತ್ರಚೀಲಕ್ಕೂ ಯೋನಿಗೂ ನಡುವೆ ತೂತು ಬಿದ್ದು ಹಗಲೂರಾತ್ರಿ ಮೂತ್ರ ಸೋರುವ ಕಾಯಿಲೆಯೊಂದಿದೆ, ಫಿಸ್ಟುಲಾ. ಅದಕ್ಕೆ ಶಸ್ತ್ರಚಿಕಿತ್ಸೆ ಕಂಡುಹಿಡಿದ ಕೀರ್ತಿ ಅಮೆರಿಕದ ಮೇರಿಯನ್ ಸಿಮ್ಸ್‌ಗೆ ಸಂದಿತು. ಅವನು 1840ರ ದಶಕದಲ್ಲಿ ಅದನ್ನು ಕಲಿತದ್ದು ಗುಲಾಮರಾಗಿದ್ದ ಕಪ್ಪು ಹೆಂಗಸರ ಮೈಮೇಲೆ, ಅರಿವಳಿಕೆಯಿಲ್ಲದೆ. ಅನಾರ್ಕಾ ಎಂಬಾಕೆಯೊಬ್ಬಳ ಮೇಲೆಯೇ ಸುಮಾರು ಮೂವತ್ತು ಸಲ ಕತ್ತರಿ ಆಡಿಸಿದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬಳಿಯಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು. ಅನಾರ್ಕಾ ಮತ್ತು ಅವಳಂತೆಯೇ ಅವನ ಕತ್ತರಿಗೆ ಸಿಕ್ಕ ಲೂಸಿ, ಬೆಟ್ಸಿ ಈ ಮೂವರ ಹೆಸರು ವೈದ್ಯವಿದ್ಯಾರ್ಥಿಗಳ ಪಾಠದಲ್ಲಿ ಇರಲೇಬೇಕು.

ನೂರು ವರ್ಷಗಳ ನಂತರ, 1948ರಲ್ಲಿ, ಲಾಸ್ ಏಂಜಲಿಸ್‌ನ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಬೇರೆಯೇ ದಾರಿ ತೋರಿಸಿದರು. ಸೋತ ತೋಳಿಗೆ ವ್ಯಾಯಾಮ ಕೊಡುವಂತೆ ತಳದ ಸ್ನಾಯುವಿಗೂ ಕೊಡಬಹುದಲ್ಲ ಎಂದು ಅವರು ಯೋಚಿಸಿದರು. ಹೆಂಗಸು ತಾನು ಎಷ್ಟು ಬಿಗಿಯುತ್ತಿದ್ದೇನೆಂದು ತಾನೇ ನೋಡಿಕೊಳ್ಳುವಂತೆ ಒತ್ತಡ ಅಳೆಯುವ ಪುಟ್ಟ ಸಾಧನವನ್ನೂ ಮಾಡಿದರು. ಆ ವ್ಯಾಯಾಮ ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಆದರೆ ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಗಟ್ಟಿಯಾಗಿ ಪರೀಕ್ಷಿಸಿದವರಲ್ಲಿ ಮುಖ್ಯರು ನಾರ್ವೆಯ ಫಿಸಿಯೊಥೆರಪಿಸ್ಟ್ ಕಾರಿ ಬೋ. ಕೆಮ್ಮಿದರೆ ಮೂತ್ರ ಸೋರುತ್ತಿದ್ದ 107 ಹೆಂಗಸರನ್ನು ಅವರು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವ್ಯಾಯಾಮ, ಎರಡನೆಯದಕ್ಕೆ ವಿದ್ಯುತ್ ಪ್ರಚೋದನೆ, ಮೂರನೆಯದಕ್ಕೆ ಯೋನಿಯೊಳಗೆ ಇಡುವ ತೂಕದ ಶಂಕುಗಳು, ನಾಲ್ಕನೆಯದಕ್ಕೆ ಯಾವ ಚಿಕಿತ್ಸೆಯೂ ಇಲ್ಲ. ಆರು ತಿಂಗಳ ನಂತರ ವ್ಯಾಯಾಮದ ಗುಂಪಿನ 25 ಮಂದಿಯಲ್ಲಿ 14 ಮಂದಿ ತಮಗೆ ಇನ್ನು ತೊಂದರೆಯಿಲ್ಲ ಎಂದರು. ಚಿಕಿತ್ಸೆಯಿಲ್ಲದ ಗುಂಪಿನಲ್ಲಿ ಹಾಗೆಂದವರು 30ರಲ್ಲಿ ಒಬ್ಬರು. ಈ ಫಲಿತಾಂಶ 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಗರ್ಭಕೋಶ ಜಾರಿದವರಿಗೂ ಇದೇ ವ್ಯಾಯಾಮದಿಂದ ಉಪಶಮನ ಸಿಗುತ್ತದೆಂದು ಗ್ಲಾಸ್ಗೋದ ಸುಜಾನ್ ಹೇಗನ್ ತಂಡ 447 ಹೆಂಗಸರ ಅಧ್ಯಯನದಿಂದ 2014ರಲ್ಲಿ ತೋರಿಸಿತು.

ಬೋ ಅವರ ಹೆಂಗಸರು ಮಾಡಿದ್ದಿಷ್ಟು: ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎಂಟರಿಂದ ಹನ್ನೆರಡು ಸಲ, ತಳದ ಸ್ನಾಯುವನ್ನು ಗಟ್ಟಿಯಾಗಿ ಬಿಗಿಯುವುದು. ವಾರಕ್ಕೊಮ್ಮೆ ಕಲಿಸುವವರ ಜೊತೆ ಗುಂಪಿನಲ್ಲಿ ಅಭ್ಯಾಸ. ಬಿಗಿಯುವುದು ಹೇಗೆ? ನಾಲ್ಕು ಜನರ ನಡುವೆ ಹೂಸು ಬಂದಾಗ ತಡೆಯುತ್ತೇವಲ್ಲ, ಆ ಜಾಗವನ್ನು ಬಿಗಿದು, ಮೇಲಕ್ಕೆ ಎತ್ತಿಕೊಂಡ ಹಾಗೆ ಹಿಡಿಯಬೇಕು. ಆರೆಂಟು ಎಣಿಸುವವರೆಗೆ ಹಿಡಿದು, ಪೂರ್ತಿ ಸಡಿಲ ಬಿಟ್ಟು, ಅಷ್ಟೇ ಹೊತ್ತು ಬಿಡುವು ಕೊಟ್ಟು ಮತ್ತೆ ಬಿಗಿಯಬೇಕು. ಉಸಿರು ಕಟ್ಟಬಾರದು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು. ಮೊದಲಿಗೆ ಮಲಗಿ, ಆಮೇಲೆ ಕೂತು, ರೂಢಿಯಾದ ಮೇಲೆ ನಿಂತು ಮಾಡಬಹುದು. ಕೊಡ ಎತ್ತುವ ಮೊದಲು, ಕೆಮ್ಮು ಬರುವ ಮೊದಲು ಒಮ್ಮೆ ಬಿಗಿಯುವ ಅಭ್ಯಾಸ ಬಂದರೆ ಅರ್ಧ ಗೆದ್ದ ಹಾಗೆ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಹದಿನೈದು ದಿನಕ್ಕೆ ಗುಣ ಕಾಣಲಿಲ್ಲವೆಂದು ಕೈಬಿಡುವವರೇ ಹೆಚ್ಚು. ಉಚ್ಚೆ ಹೊಯ್ಯುವಾಗ ನಡುವೆ ತಡೆದು ಅಭ್ಯಾಸ ಮಾಡಿ ಎಂದು ಕೆಲವರು ಹೇಳುತ್ತಾರೆ. ಅದನ್ನು ರೂಢಿ ಮಾಡಿಕೊಳ್ಳಬೇಡಿ. ಮೂತ್ರಚೀಲ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಬರೀ ಬಾಯಿಮಾತಿನಲ್ಲಿ ಹೇಳಿದರೆ ಸಾಲದು ಎಂಬುದೂ ಸಂಶೋಧನೆಯೇ ಕಲಿಸಿದ ಪಾಠ. ಅಮೆರಿಕದಲ್ಲಿ 1991ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಚುಟುಕಾಗಿ ಹೇಳಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಸರಿಯಾಗಿ ಬಿಗಿದರು. ನಾಲ್ವರಲ್ಲಿ ಒಬ್ಬರು ಬಿಗಿಯುವ ಬದಲು ಮುಕ್ಕುತ್ತಿದ್ದರು, ಅಂದರೆ ತೊಂದರೆ ಹೆಚ್ಚಾಗುವ ಹಾಗೆ ಮಾಡುತ್ತಿದ್ದರು. ಆದ್ದರಿಂದ ಒಮ್ಮೆಯಾದರೂ ಗೊತ್ತಿರುವ ಕೈಗಳಿಂದ ಕಲಿಯಬೇಕು. ಆ ಕೈಗಳು ಎಲ್ಲಿವೆ? ಮೂರೂ ತಾಲ್ಲೂಕುಗಳ ಜನ ಅರವತ್ತು-ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುತ್ತಾರೆ, ಇಲ್ಲವೇ ಆಗುಂಬೆ ಘಾಟಿಯನ್ನೋ ಹುಲಿಕಲ್ ಘಾಟಿಯನ್ನೋ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಹಲವು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಶಕ್ತಿ ಯೋಜನೆಯ ಉಚಿತ ಟಿಕೆಟ್ ಅಲ್ಲಿ ನಡೆಯುವುದಿಲ್ಲ. ಉಚ್ಚೆ ತಡೆಯಲಾಗದವಳು ಘಾಟಿಯ ತಿರುವುಗಳಲ್ಲಿ ಎರಡು ಮೂರು ಗಂಟೆ ಬಸ್ಸಿನಲ್ಲಿ ಕೂರಬೇಕು ಎಂಬುದನ್ನು ಒಮ್ಮೆ ಯೋಚಿಸಿ. ಅವಳು ಹೊರಡುವ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ.

ಹಾಗೆ ನೀರು ಬಿಡುವುದು ಮತ್ತೊಂದು ತೊಂದರೆಗೆ ದಾರಿ. ಗಟ್ಟಿಯಾದ ಮೂತ್ರವು ಮೂತ್ರಚೀಲವನ್ನು ಕೆರಳಿಸುತ್ತದೆ, ಸೋಂಕು ತರುತ್ತದೆ. ಕೆಮ್ಮಿದಾಗ ಸೋರುವುದು ಒಂದು ಬಗೆಯಾದರೆ, ಒಮ್ಮೆಲೇ ಅವಸರವಾಗಿ ಬಚ್ಚಲು ಮುಟ್ಟುವುದರೊಳಗೆ ಆಗಿಬಿಡುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ತಪ್ಪು ಮೂತ್ರಚೀಲದ್ದು. ತುಂಬುವ ಮೊದಲೇ ಅದು ಹಿಂಡಿಕೊಳ್ಳುತ್ತದೆ. ಇದಕ್ಕೆ ಮೊದಲು ಮಾಡುವುದು ಚೀಲಕ್ಕೆ ಪಾಠ ಹೇಳಿಕೊಡುವ ಕೆಲಸ. ಮೂರು ದಿನ ಎಷ್ಟು ಕುಡಿದೆ, ಯಾವಾಗ ಹೋದೆ ಎಂದು ಬರೆದಿಟ್ಟುಕೊಂಡು, ಹೋಗುವ ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗುವುದು. ಕಾಫಿ, ಚಹಾ ಕಡಿಮೆ ಮಾಡುವುದು. ಮಲೆನಾಡಿಗರಿಗೆ ಇದೇ ಕಷ್ಟದ ಭಾಗ. ಗುಣವಾಗದಿದ್ದರೆ ಗುಳಿಗೆಗಳಿವೆ. ಪದೇ ಪದೇ ಹೋಗಬೇಕಾದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ. ಗಂಡಸರಿಗೆ ವಯಸ್ಸಾದ ಮೇಲೆ ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ತೊಂದರೆ ಬೇರೆ ಕಥೆ, ಆದರೆ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಸೋರುವವರಿಗೂ ಇದೇ ತಳದ ಸ್ನಾಯುವಿನ ವ್ಯಾಯಾಮ ಕಲಿಸುತ್ತಾರೆ.

ಗರ್ಭಕೋಶ ಜಾರಿದವಳಿಗೆ ನಮ್ಮಲ್ಲಿ ಬಹಳ ಬೇಗ ಸಿಗುವ ಸಲಹೆ ‘ತೆಗೆಸಿಬಿಡಿ’ ಎಂಬುದು. ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ತೆಗೆಯಲೇಬೇಕಾದ ಕಾರಣಗಳು ಇಲ್ಲವೆಂದಲ್ಲ. ಆದರೆ ಸೋತದ್ದು ತಳದ ಹಾಸು, ಗರ್ಭಕೋಶವಲ್ಲ. ಹಾಸನ್ನು ಸರಿಪಡಿಸದೆ ಗರ್ಭಕೋಶ ಮಾತ್ರ ತೆಗೆದರೆ ಯೋನಿಯ ಮೇಲ್ಭಾಗವೇ ಮುಂದೆ ಜಾರಿ ಬರಬಹುದು. ಗೋವಾದಲ್ಲಿ ಹುಟ್ಟಿ ಮುಂಬೈಯಲ್ಲಿ ಹೆಸರಾದ ಡಾ. ವಿ. ಎನ್. ಶಿರೋಡ್ಕರ್ ಅವರಂಥವರು, ಇನ್ನೂ ಮಕ್ಕಳಾಗಬೇಕಾದ ಎಳೆಯ ವಯಸ್ಸಿನ ಹೆಂಗಸರಲ್ಲೂ ಈ ತೊಂದರೆ ಕಂಡು, ಗರ್ಭಕೋಶವನ್ನು ಉಳಿಸಿಕೊಂಡೇ ಪಟ್ಟಿಯಿಂದ ಮೇಲೆತ್ತಿ ಕಟ್ಟುವ ಶಸ್ತ್ರಚಿಕಿತ್ಸೆ ರೂಪಿಸಿದರು. ಇಂಥ ವಿಧಾನಗಳಲ್ಲಿ ಭಾರತದ ವೈದ್ಯರ ಹೆಸರೇ ಹಲವು ಇವೆ. ಆ ನಾಡಿನಲ್ಲೇ, 2015ರ ಸುಮಾರಿಗೆ, ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರ, ಅದರಲ್ಲೂ ಲಂಬಾಣಿ ತಾಂಡಾಗಳ ಹೆಂಗಸರ ಗರ್ಭಕೋಶಗಳನ್ನು ಸಣ್ಣಪುಟ್ಟ ತೊಂದರೆಗೂ ತೆಗೆದುಹಾಕುತ್ತಿದ್ದುದನ್ನು ಕರ್ನಾಟಕ ಜನಾರೋಗ್ಯ ಚಳವಳಿ ಬಯಲಿಗೆಳೆಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿದೆ.

ಹೊಸದು ಎಂದ ಕೂಡಲೇ ಒಳ್ಳೆಯದೂ ಅಲ್ಲ. ಜಾರಿದ ಅಂಗಗಳನ್ನು ಎತ್ತಿ ಹಿಡಿಯಲು ಯೋನಿಯ ಮೂಲಕ ಪ್ಲಾಸ್ಟಿಕ್ ಜಾಳಿಗೆ ಹಾಕುವ ವಿಧಾನ ಒಂದು ಕಾಲದಲ್ಲಿ ಲೋಕವೆಲ್ಲ ಹಬ್ಬಿತ್ತು. ಸಾವಿರಾರು ಹೆಂಗಸರು ನೋವಿನಿಂದ ನರಳಿದ ಮೇಲೆ ಅಮೆರಿಕದ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಅದರ ಮಾರಾಟ ನಿಲ್ಲಿಸಿತು. ಅದಕ್ಕೆ ಹೋಲಿಸಿದರೆ ಪೆಸರಿ ಎಂಬ ಸಿಲಿಕೋನ್ ಉಂಗುರ ಎಷ್ಟು ಸರಳ! ಯೋನಿಯೊಳಗೆ ಇಟ್ಟರೆ ಜಾರಿದ ಅಂಗವನ್ನು ಮೇಲೆ ಹಿಡಿಯುತ್ತದೆ. ಸರಿಯಾದ ಅಳತೆಯದನ್ನು ಹಾಕಿ, ಆಗಾಗ ತೆಗೆದು ತೊಳೆದು, ವೈದ್ಯರ ಹತ್ತಿರ ತಪಾಸಣೆ ಮಾಡಿಸಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಶಸ್ತ್ರಚಿಕಿತ್ಸೆಗೆ ದೇಹ ತಾಳದ ಎಪ್ಪತ್ತೆಂಬತ್ತರ ಅಜ್ಜಿಯರಿಗೆ ಇದು ವರ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಎಲ್ಲ ಅಳತೆಯ ಉಂಗುರಗಳು ಇರಬೇಕು.

ಗುಡ್ಡಗಾಡಿನ ಹೆಂಗಸರ ಈ ಕಷ್ಟವನ್ನು ಒಂದು ದೇಶ ನ್ಯಾಯಾಲಯಕ್ಕೂ ಒಯ್ದಿದೆ. ನೇಪಾಳದ ಸುಪ್ರೀಂ ಕೋರ್ಟ್ 2008ರಲ್ಲಿ, ಗರ್ಭಕೋಶ ಜಾರುವಿಕೆಯನ್ನು ತಡೆಯದೆ, ಚಿಕಿತ್ಸೆ ಕೊಡದೆ ಇರುವುದು ಹೆಂಗಸರ ಸಂತಾನ ಆರೋಗ್ಯದ ಹಕ್ಕಿನ ಉಲ್ಲಂಘನೆ ಎಂದು ಹೇಳಿತು. ಮುಂಬೈಯಲ್ಲಿ ಇದೇ ವಿಷಯದ ತಜ್ಞೆ ಡಾ. ಅಪರ್ಣಾ ಹೆಗಡೆ 2008ರಲ್ಲಿ ಕಟ್ಟಿದ ‘ಆರ್ಮನ್’ ಸಂಸ್ಥೆ ಬಸುರಿ, ಬಾಣಂತಿಯರ ಮೊಬೈಲಿಗೆ ಅವರ ತಿಂಗಳಿಗೆ ತಕ್ಕಂತೆ ಧ್ವನಿಸಂದೇಶ ಕಳಿಸುತ್ತದೆ. ಓದು ಬಾರದವರಿಗೂ ಅದು ತಲುಪುತ್ತದೆ.

ನಮ್ಮಲ್ಲಿ ಅಷ್ಟು ದೂರ ಹೋಗುವುದೂ ಬೇಡ. ದಾರಿ ಈಗಾಗಲೇ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರುತ್ತಾಳೆ: 3, 7, 14, 21, 28 ಮತ್ತು 42ನೆಯ ದಿನ. ಈ ಭೇಟಿಗಳಲ್ಲಿ ಹೆಚ್ಚಿನ ಗಮನ ಮಗುವಿನ ತೂಕ, ಹಾಲು, ಜ್ವರದ ಕಡೆಗೆ. ಅದು ಸರಿಯೇ. 42ನೆಯ ದಿನ ತಾಯಿಗೂ ಎರಡು ಪ್ರಶ್ನೆ ಕೇಳಲಿ: ಕೆಮ್ಮಿದರೆ ಸೋರುತ್ತದೆಯೇ? ಕೆಳಗೆ ಭಾರವಾದ ಹಾಗೆ ಅನಿಸುತ್ತದೆಯೇ? ಹೌದೆಂದವಳಿಗೆ ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ ವ್ಯಾಯಾಮ ಕಲಿಸಲಿ. ಮೂರು ತಿಂಗಳಿಗೂ ಗುಣವಾಗದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕಳಿಸಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ಮಧ್ಯಾಹ್ನವನ್ನು, ಬಾಗಿಲು ಮುಚ್ಚಿದ ಕೋಣೆಯಲ್ಲಿ, ತರಬೇತಾದ ಮಹಿಳಾ ಫಿಸಿಯೊಥೆರಪಿಸ್ಟ್ ಒಬ್ಬರ ಜೊತೆ, ಈ ಹೆಂಗಸರಿಗೆಂದೇ ಮೀಸಲಿಡಬೇಕು. ಇದಕ್ಕೆ ಹೊಸ ಕಟ್ಟಡವೂ ಬೇಕಿಲ್ಲ, ಯಂತ್ರವೂ ಬೇಕಿಲ್ಲ. ಜಿಲ್ಲಾ ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಈ ವರ್ಷವೇ ಆಗುತ್ತದೆ.

ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ಈ ತೊಂದರೆ ಇರಬಹುದು. ಇನ್ನು ಕೆಲವರ ಅಮ್ಮನಿಗೋ ಅತ್ತೆಗೋ ಅಕ್ಕನಿಗೋ ಇರಬಹುದು. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿಹೋದರೆ, ಹೆರಿಗೆಯ ನಂತರ ಹಗಲೂರಾತ್ರಿ ಎಡೆಬಿಡದೆ ಸೋರುತ್ತಿದ್ದರೆ, ಜಾರಿದ ಭಾಗದಲ್ಲಿ ಹುಣ್ಣಾದರೆ ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಹೋಗಿ. ಉಳಿದವರು ಈ ಭಾನುವಾರವೇ ಮನೆಯ ಹಿರಿಯ ಹೆಂಗಸನ್ನು ಒಳಗೆ ಕರೆದು ಕೂರಿಸಿಕೊಂಡು, ಮೆಲ್ಲಗೆ ಕೇಳಿ ನೋಡಿ.